ಬಾಲ್ಕನಿಯ ದೊಡ್ಡಪತ್ರೆ

ಆಗ ನಾನು ವಿಶಾಖಪಟ್ಟಣದ ಒಂದು ಔಷಧ ಕಂಪನಿಯ ಲ್ಯಾಬಿನಲ್ಲಿದ್ದೆ, ಗಾಜುವಾಕದಲ್ಲಿ ಬಾಡಿಗೆ ಮನೆ. ಬ್ಯಾಂಕಿನಲ್ಲಿದ್ದ ಭಾವನಿಗೆ ವಿಜಯವಾಡಕ್ಕೆ ವರ್ಗವಾಗಿ ಅಕ್ಕನೂ ಅಲ್ಲಿಗೆ ಬಂದಿದ್ದಳು. ಮೈಸೂರು ಬಿಟ್ಟ ಅಕ್ಕತಂಗಿಯರ ನಡುವೆ ಅರ್ಧ ದಿನದ ರೈಲು. ಅಲ್ಲಿ ಅವಳ ಎದೆಗೆ ಸೋಂಕು ಹತ್ತಿತು. ಯಾವ ಔಷಧಿಗೂ ಅದು ಬಗ್ಗಲಿಲ್ಲ.

ಅವಳ ನಂಬಿಕೆಯೆಲ್ಲ ಬಾಲ್ಕನಿ ಕುಂಡದ ದೊಡ್ಡಪತ್ರೆಯ ಮೇಲೆ. ಭಾವ ಬೆಳಿಗ್ಗೆ ಎದ್ದು ಅದರ ಕಷಾಯ ಮಾಡಿಕೊಡುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ ಎಂದು ನಾನು ರೇಗಿಸಿದರೆ, "ನಮ್ಮದು ಬಾಲ್ಕನಿ ಗಿಡ ಕಣೇ. ನಿನ್ನ ಲ್ಯಾಬಲ್ಲೇ ಪರೀಕ್ಷೆ ಮಾಡಿ ನೋಡು" ಅಂದಳು.

ಎಲೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದೆ. ಬೋಗಿಯೆಲ್ಲ ಓಮದಂಥ ವಾಸನೆ. ಎದುರಿನ ಅಜ್ಜಿ ಬಜ್ಜಿ ತಂದಿದ್ದೀಯಾ ಎಂದು ಕೇಳಿದರು. ಬ್ಯಾಕ್ಟೀರಿಯಾ ಕೊಲ್ಲುವ ಗುಣ ಇದ್ದರೆ ಅದು ಆ ವಾಸನೆಯ ಎಣ್ಣೆಯಲ್ಲೇ. ಎಲೆಗೆ ಹಬೆ ಹಾಯಿಸಿ ಎಣ್ಣೆ ತೆಗೆದೆ. ಬ್ಯಾಕ್ಟೀರಿಯಾ ಹಚ್ಚಿದ ಎರಡು ಗಾಜಿನ ತಟ್ಟೆಗಳಲ್ಲಿ ಒಂದಕ್ಕೆ ಮಾತ್ರ ಹಾಕಿದೆ. ಮರುದಿನ ನೋಡಿದರೆ ಎರಡೂ ತಿಳಿ, ಯಾವುದರಲ್ಲೂ ಬ್ಯಾಕ್ಟೀರಿಯಾ ಬೆಳೆದಿರಲಿಲ್ಲ. ಒಂದೇ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೆನಲ್ಲ, ಬರೀ ವಾಸನೆಯೇ ಹಬ್ಬಿ ಪಕ್ಕದ ತಟ್ಟೆಯನ್ನೂ ಮುಗಿಸಿತ್ತು. ಹೋಲಿಸಿ ನೋಡಲು ತಟ್ಟೆಯೇ ಉಳಿಯದ ಮೇಲೆ ಪರೀಕ್ಷೆ ಲೆಕ್ಕಕ್ಕಿಲ್ಲ.

"ಏನ್ರೀ ಸೈಂಟಿಸ್ಟ್ ಗಾರೂ, ನಮ್ಮೆಲೆ ಗೆದ್ದಿತಾ?" ಅಕ್ಕ ಫೋನಿನಲ್ಲಿ ಕೆಮ್ಮುತ್ತಲೇ ಕೇಳಿದಳು.

"ಇನ್ನೊಂದ್ಸಲ ಮಾಡ್ಬೇಕಕ್ಕ. ಆಮೇಲೆ ಹೇಳ್ತೀನಿ."

"ಬೇಗ ಮಾಡೇ."

ಅಷ್ಟರಲ್ಲಿ ಅವಳು ಹೋಗಿಬಿಟ್ಟಳು. ಕಾರ್ಯಗಳೆಲ್ಲ ಮುಗಿದ ಮೇಲೆ ಅದೇ ಕುಂಡದ ಎಲೆ ತಂದು, ತಟ್ಟೆಗಳನ್ನು ಬೇರೆ ಬೇರೆ ಡಬ್ಬಿಯಲ್ಲಿಟ್ಟು ಮತ್ತೆ ಮಾಡಿದೆ. ಎಣ್ಣೆ ಹಾಕಿದ ತಟ್ಟೆ ತಿಳಿ, ಹಾಕದ್ದರಲ್ಲಿ ಬ್ಯಾಕ್ಟೀರಿಯಾ ದಟ್ಟವಾಗಿ ಎದ್ದಿತ್ತು. ಎಲೆ ಗೆದ್ದಿತ್ತು. ನನಗೆ ಅದರ ಮೇಲೆ ಸಿಟ್ಟು ಬಂತು. ಗಾಜಿನ ಮೇಲೆ ಗೆಲ್ಲುವುದೇನು ದೊಡ್ಡದು? ಒಂದು ಲೋಟ ಕಷಾಯದಲ್ಲಿನ ಎಣ್ಣೆ ಎದೆಯ ಆಳಕ್ಕೆ ಎಷ್ಟು ತಲುಪೀತು? ಇದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಆಸೆಪಟ್ಟಿದ್ದೆ, ಅದಕ್ಕೇ ಆ ತಟ್ಟೆಗಳ ಮುಂದೆ ಕೂತು ಅತ್ತುಬಿಟ್ಟೆ.

ಮೈಸೂರಿಗೆ ವರ್ಗವಾದಾಗ ಭಾವ ಕುಂಡವನ್ನು ನನಗೆ ಕೊಟ್ಟುಹೋಗಲು ಬಂದರು. ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡಿದ್ದರಂತೆ. ಕೊಟ್ಟ ಕಾಫಿ ಆರುವವರೆಗೂ ಕುಂಡಕ್ಕೆ ಅಂಟಿದ ಮಣ್ಣು ಒರೆಸುತ್ತಿದ್ದರು.

"ಎಲೆ ಪರೀಕ್ಷೆ ಏನಾಯ್ತಮ್ಮ?" ಅಂದರು ಕೊನೆಗೆ. "ಕೊನೇ ವಾರ ಅವಳು ಕಷಾಯ ಕೇಳ್ತಾನೇ ಇದ್ದಳು. ಮಾತ್ರೆ ನುಂಗಿದ್ರೂ ವಾಂತಿ ಆಗ್ತಿತ್ತು ಅಂತ ನಾನು ಕಷಾಯ ಕೊಡ್ಲೇ ಇಲ್ಲ."

ತಟ್ಟೆ ಬೇರೆ, ಮೈ ಬೇರೆ ಎಂದು ಬಿಡಿಸಿ ಹೇಳಬಹುದಿತ್ತು. ಅವರ ಮುಖ ನೋಡಿದೆ. ಗೆದ್ದಿತು ಎಂಬುದೊಂದೇ ಅವರ ಕಿವಿಗೆ ಬೀಳುತ್ತಿತ್ತು.

"ಸೋತೋಯ್ತು ಭಾವ," ಅಂದೆ. "ಆ ಎಲೇಲಿ ಏನೂ ಇಲ್ಲ."

ಭಾವ ತಲೆಯಾಡಿಸಿ, ಎಲೆಯೊಂದನ್ನು ಸವರಿ, ತಣ್ಣಗಾದ ಕಾಫಿ ಕುಡಿದರು. ಅವರ ಬೆರಳಿನಿಂದ ಆ ವಾಸನೆ ಮನೆಯೆಲ್ಲ ಹಬ್ಬಿತು.