ಲೀರಾ ಹೊಗಳಿದವನ ಮನೆಯ ಚೌಡಿಕೆ

ಬೈಲಹೊಂಗಲದ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವ ನಾನು ಹೋದ ವರ್ಷ ಜಾನಪದದ ತರಗತಿಯಲ್ಲಿ ಗ್ರೀಸ್ ದೇಶದ ಲೀರಾ ಎಂಬ ವಾದ್ಯದ ವಿಡಿಯೋ ತೋರಿಸಿದೆ. ಮೂರು ತಂತಿಯ ವಾದ್ಯ. ತೊಡೆಯ ಮೇಲೆ ನಿಲ್ಲಿಸಿಕೊಂಡು ಕಮಾನಿನಿಂದ ನುಡಿಸುತ್ತಾರೆ. ಕ್ರೀಟ್ ದ್ವೀಪದ ಮುದುಕನೊಬ್ಬ ಮದುವೆ ಮನೆಯಲ್ಲಿ ಕೂತು, ಎದುರಿಗಿದ್ದವರ ಹೆಸರು ಸೇರಿಸಿ ಅಲ್ಲೇ ಪದ ಕಟ್ಟಿ ಹಾಡುತ್ತಿದ್ದ.

"ಹಾಡಿನೊಳಗ ತಮ್ಮ ಹೆಸರು ಬಂತಂದ್ರ ಆ ಮಂದಿ ಎಷ್ಟು ಹಿಗ್ಗತಾರ ನೋಡ್ರಿ" ಎಂದು ಹೇಳುವಾಗ ಅವರಿಗಿಂತ ನಾನೇ ಹೆಚ್ಚು ಹಿಗ್ಗಿದ್ದೆ.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಪ್ರಾಚಾರ್ಯರು, "ಅಷ್ಟು ದೂರ ಯಾಕ್ರಿ ಸರ್ರ? ನಮ್ಮ ಯಲ್ಲಮ್ಮನ ಗುಡ್ಡದ ಚೌಡಿಕಿ ಐತೆಲ್ಲ. ಬಾರ್ಸವ್ರು ಯಾರರ ಸಿಗತಾರೇನು ನೋಡ್ರಿ" ಎಂದರು.

ಹುಡುಕುವುದೇನಿತ್ತು? ನನ್ನ ಸ್ವಂತ ಅತ್ತಿ, ಅಪ್ಪನ ಅಕ್ಕ, ಉಗರಗೋಳದಲ್ಲಿದ್ದಾಳೆ. ಚಿಕ್ಕವಳಿದ್ದಾಗಲೇ ಅವಳನ್ನು ದೇವಿಗೆ ಬಿಟ್ಟಿದ್ದರು. ಚೌಡಿಕೆ ಹಿಡಿದು ಮನೆಮನೆಗೆ ಹೋಗಿ ಹಾಡಿ ಅವಳು ತಂದ ಜೋಳದ ರೊಟ್ಟಿ ತಿಂದೇ ನಾನು ಡಿಗ್ರಿ ಮುಗಿಸಿದ್ದು. ಕಾಲೇಜಿನಲ್ಲಿ ಇದು ಒಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಾಗದ ಹಾಗೆ ನೋಡಿಕೊಂಡವನು ನಾನೇ. ಹಿತ್ತಲ ಗಿಡ ಮದ್ದಲ್ಲ, ಈ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ಪ್ರತಿ ವರ್ಷ ಪ್ರಶ್ನೆ ಕೊಡುವ ಮಹಾನುಭಾವನೂ ನಾನೇ.

ಭಾನುವಾರ ಉಗರಗೋಳಕ್ಕೆ ಹೋದೆ. ಅತ್ತಿ ಚೌಡಿಕೆಗೆ ದೇವಿಯ ಭಂಡಾರದ ಅರಿಸಿನ ಹಚ್ಚುತ್ತಿದ್ದಳು. ಟೊಳ್ಳು ಕಟ್ಟಿಗೆಯ ಡಬ್ಬಿ, ಅದರ ತಳಕ್ಕೆ ಚರ್ಮ, ಒಂದೇ ತಂತಿ. ಕಾಲೇಜಿಗೆ ಬರಬೇಕು ಎಂದಾಗ ಅವಳ ಮುಖ ಅರಳಿತು.

"ನಿನ್ನ ಸಾಲಿಗೇನೋ ತಮ್ಮಾ? ನನ್ನ ಕರಕೊಂಡ ಹೋಗತಿ?"

"ಹೂಂ. ಆದ್ರ ಅತ್ತಿ, ಅಲ್ಲಿ ಯಾರರ ಕೇಳಿದ್ರ..." ಎಂದು ತಡವರಿಸಿದೆ.

ಅವಳು ತಲೆ ಎತ್ತಲಿಲ್ಲ. "ತಿಳೀತು ಬಿಡು. ನೀ ಯಾರೋ, ನಾ ಯಾರೋ" ಎಂದಳು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹಾಗೆಂದು ಮಾತನ್ನೇನೂ ವಾಪಸು ತೆಗೆದುಕೊಳ್ಳಲಿಲ್ಲ.

ಕಾರ್ಯಕ್ರಮದ ದಿನ ಅವಳು ಒಬ್ಬಳೇ ಬಸ್ಸಿನಲ್ಲಿ ಬಂದಳು. ಎಲ್ಲರೆದುರು ನನಗೆ ಕೈಮುಗಿದು, "ನಮಸ್ಕಾರ್ರೀ ಸರ್ರ. ಎಲ್ಲಿ ಕುಂಡರ್ಲಿರಿ?" ಎಂದಳು. ನನ್ನನ್ನು ಹೆಗಲ ಮೇಲೆ ಹೊತ್ತು ಗುಡ್ಡ ಹತ್ತಿಸಿದವಳು. ನಾನು ಕೈಯಿಂದ ಕುರ್ಚಿ ತೋರಿಸಿದೆ. ಮೈಕಿನಲ್ಲಿ "ಉಗರಗೋಳದ ಒಬ್ಬ ಜನಪದ ಕಲಾವಿದೆ" ಎಂದು ಪರಿಚಯಿಸಿದೆ.

ಚೌಡಿಕೆಯನ್ನು ಕಂಕುಳಲ್ಲಿ ಒತ್ತಿ ತಂತಿ ಮೀಟಿದಳು. ಎಪ್ಪತ್ತರ ಸಮೀಪದ ಆ ಕೊರಳು ಕೇಳಿ ಹಿಂದಿನ ಬೆಂಚಿನ ಹುಡುಗರೂ ಮೊಬೈಲು ಕೆಳಗಿಟ್ಟರು. ನಾನು ಮಾತ್ರ ಹಾಡಿನ ಕೊನೆಗೆ ಹೆದರುತ್ತ ಕೂತಿದ್ದೆ. ಯಾವ ಮನೆಯಲ್ಲಿ ಹಾಡಿದರೂ ಕೊನೆಯ ನುಡಿಯಲ್ಲಿ ತನ್ನ ತವರನ್ನು ಹರಸುವುದು ಅವಳ ಪದ್ಧತಿ. ಅಪ್ಪನ ಹೆಸರು, ಅವ್ವನ ಹೆಸರು, ಕಡೆಗೆ ನನ್ನದು. ಅದನ್ನು ಬಿಟ್ಟು ಹಾಡು ಮುಗಿಸಿದ್ದನ್ನು ನಾನು ಕೇಳಿಯೇ ಇಲ್ಲ.

ಆ ನುಡಿ ಬಂತು. ತವರಿನ ಹೊಸ್ತಿಲು ತಣ್ಣಗಿರಲಿ ಎಂದಳು, ತಮ್ಮನ ಬಳ್ಳಿ ಹಬ್ಬಲಿ ಎಂದಳು. ಹೆಸರು ಬರಬೇಕಾದಲ್ಲಿ ಬಾಯಿ ಮುಚ್ಚಿ ಬರೀ ತಂತಿ ಮೀಟಿದಳು. ಮೂರು ಹೆಸರಿಗೆ ಮೂರು ಸಲ. ಮೂರನೆಯದನ್ನು ಸ್ವಲ್ಪ ಹೆಚ್ಚು ಹೊತ್ತು ಮೀಟಿದಳು. ನನ್ನ ಕಡೆ ನೋಡಲಿಲ್ಲ. ನಾಚಿಕೆಯಿಂದ ನನ್ನ ಕಿವಿ ಸುಡುತ್ತಿತ್ತು. ಅದರ ಜೊತೆಗೇ ಸದ್ಯ ಪಾರಾದೆ ಅಂತಲೂ ಅನ್ನಿಸಿತು; ಇವತ್ತಿಗೂ ನನಗೆ ಕ್ಷಮಿಸಿಕೊಳ್ಳಲು ಆಗದಿರುವುದು ಅದನ್ನೇ.

ಚಪ್ಪಾಳೆ ನಿಂತ ಮೇಲೆ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಸರ್, ಕಡೀಕ ಅಜ್ಜಿ ಹಾಡೂದು ಬಿಟ್ಟು ಬರೀ ತಂತಿ ಯಾಕ ಬಾರ್ಸಿದ್ರುರಿ?" ಎಂದು ಕೇಳಿದಳು.

ಅತ್ತಿ ಚೌಡಿಕೆಯನ್ನು ಚೀಲಕ್ಕೆ ಹಾಕುತ್ತಿದ್ದವಳು ಕೈ ನಿಲ್ಲಿಸಿದಳು.

ನಾನು ಮೈಕು ತೆಗೆದುಕೊಂಡು, "ಅದು ಆ ವಾದ್ಯದ ಶೈಲಿ" ಎಂದೆ. ಹುಡುಗಿ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.