ಬೆಳ್ಳಿಗೆ ಅಂಟಿದ್ದರ ಗುರುತು

ಪುತ್ತೂರಿನ ಕಾಲೇಜೊಂದರ ಹಿಂಬದಿಯ ಕೋಣೆ. ಬೆಳಕು ಈಗಷ್ಟೇ ಹರಿಯುತ್ತಿದೆ. ತೋಟಗಳ ಪಂಪು ಚಾಲೂ ಆದರೆ ವೋಲ್ಟೇಜು ಕುಣಿಯುತ್ತದೆ, ಹಾಗಾಗಿ ಇಲ್ಲಿಯ ಅಧ್ಯಾಪಕಿ ಭವಿತಾ ಅವರ ಕೆಲಸ ಈ ಹೊತ್ತಿಗೇ. ಗಾಜಿನ ಪಾತ್ರೆಯ ನೀರಿನಲ್ಲಿ ಬೆಳ್ಳಿಯ ಸಣ್ಣ ಬಿಲ್ಲೆ, ಅದಕ್ಕೊಂದು ಕರೆಂಟಿನ ತಂತಿ. ಬಿಲ್ಲೆಯ ಮೇಲೆ ಲೇಸರಿನ ಕೆಂಪು ಚುಕ್ಕೆ ಬೀಳುತ್ತದೆ.

ಬೆಳ್ಳಿಗೆ ಅಂಟಿದ ಅಣು ಯಾವುದೆಂದು ಪತ್ತೆ ಹಚ್ಚುವವರು ಇವರು. "ಅಣು ಸುಮ್ಮನೆ ಕೂರುದಿಲ್ಲ, ನಡುಗ್ತಾ ಉಂಟು. ಒಂದೊಂದರ ನಡುಕ ಒಂದೊಂದು ನಮೂನೆ. ತಾಗಿ ವಾಪಸ್ ಬರುವ ಬೆಳಕು ಅದರ ಗುರುತು ತರ್ತದೆ" ಎನ್ನುತ್ತಾರೆ. ಗುರುತು ಕಂಪ್ಯೂಟರಿನಲ್ಲಿ ಗೀಟುಗಳಾಗಿ ಏಳುತ್ತದೆ.

ತೋಟಕ್ಕೆ ಹೊಡೆದ ಮದ್ದು ಬಾವಿಗೆ ಇಳಿದರೆ ಇದರಲ್ಲೇ ಹಿಡಿಯಬೇಕೆಂಬುದು ಸುಳ್ಯದ ಈ ಹೆಂಗಸಿನ ಹಠ. ಪರೀಕ್ಷೆಗೆಂದು ಬಾವಿನೀರು ಕೊಂಡುಹೋದವರನ್ನು ಈ ಕಡೆ ಬಹಳ ಕಂಡಿದ್ದೇವೆ. ಉತ್ತರ ತಂದುಕೊಟ್ಟವರ ನೆನಪಿಲ್ಲ.

ಕಳೆದ ವರ್ಷ ಶುದ್ಧ ನೀರಿನಲ್ಲೂ ಬೇಡದ ಗೀಟುಗಳು ಎದ್ದವು. ಈ ಲೇಸರ್ ಯಂತ್ರವನ್ನು ಎರವಲು ಕೊಟ್ಟ ಸಂಸ್ಥೆಯ ಗಿರಿಧರ ರಾಯರು ಘಟ್ಟದ ಮೇಲಿಂದ ಪೆಟ್ಟಿಗೆ ಸಮೇತ ಬಂದರು. "ಇದು ಬರೀ ಕೊಳೆ. ಇಲ್ಲಿ ಈ ಕೆಲಸ ಆಗೋದಿಲ್ಲ, ಯಂತ್ರ ಕೊಡಿ."

"ಕೊಳೆಗೂ ಹೆಸರು ಉಂಟು ಸರ್. ಅದು ಎಂತ ಅಂತ ಗೊತ್ತಾಗದೆ ನಾನು ಯಂತ್ರ ಬಿಡುದಿಲ್ಲ."

ಭವಿತಾ ಬಿಲ್ಲೆಯ ವೋಲ್ಟೇಜನ್ನು ಋಣದ, ಅಂದರೆ ಮೈನಸ್ಸಿನ ಕಡೆ ತಿರುಗಿಸಿದರು. ಗೀಟು ಅಳಿಯಿತು. ಹಿಂದಕ್ಕೆ ತಂದರು, ಮತ್ತೆ ಎದ್ದಿತು. ಬೆಳ್ಳಿಯ ಕರೆಂಟಿಗೆ ತಕ್ಕಂತೆ ಬಂದು ಹೋಗುತ್ತದೆ ಅಂದರೆ ಅದು ನೀರಿನಲ್ಲಿ ತೇಲುವುದಲ್ಲ, ಬೆಳ್ಳಿಯನ್ನೇ ಹಿಡಿದು ಕೂತದ್ದು. ಗೀಟುಗಳನ್ನು ಹೋಲಿಸಿ ನೋಡಿದರೆ, ಹುಳಿಕಾಯಿಗಳಲ್ಲಿರುವ ಆಮ್ಲ. ಭವಿತಾ ಲ್ಯಾಬಿನ ಪಾತ್ರೆ ತೊಳೆಯುವ ಸೀತು ಅವರ ಬಳಿಗೇ ನೇರವಾಗಿ ಹೋದರು.

"ಸೀತಕ್ಕ, ಬೆಳ್ಳಿಯನ್ನು ಎಂತದ್ರಲ್ಲಿ ತಿಕ್ಕಿದ್ದು?"

"ಬಿಂಬುಳಿಯಲ್ಲಿ. ಕಪ್ಪಾಗಿತ್ತಲ್ಲ, ಮನೆಯಲ್ಲಿ ದೀಪ ತಿಕ್ಕುದು ಅದರಲ್ಲೇ. ಪಳಪಳ ಆಗ್ಲಿಲ್ವಾ ಟೀಚರೇ?"

"ಆಯ್ತು ಮಾರಾಯ್ತಿ. ಯಂತ್ರವೂ ಹೋಗುದರಲ್ಲಿತ್ತು."

ರಾಯರ ಎದುರೇ ಹೊಸ ಬಿಲ್ಲೆ ಇಟ್ಟರು. ಗೀಟಿಲ್ಲ. ಬಿಂಬುಳಿಯ ಒಂದು ತೊಟ್ಟು ರಸ ಬಿಟ್ಟರು. ಅದೇ ಗೀಟುಗಳು, ಅದೇ ಜಾಗದಲ್ಲಿ. ರಾಯರು, "ಬಿಂಬುಳಿ ಅಂದ್ರೆ ಯಾವುದು, ತೋರಿಸಿ" ಎಂದರಂತೆ. ಸೀತು ಆ ಹಸಿರು ಹುಳಿಕಾಯಿಗಳನ್ನು ಒಂದು ಪ್ಲಾಸ್ಟಿಕ್ ತೊಟ್ಟೆ ತುಂಬಾ ಕೊಯ್ದು ಕೊಟ್ಟರು. ಯಂತ್ರಕ್ಕೆಂದು ತಂದ ಪೆಟ್ಟಿಗೆಯಲ್ಲಿ ಬಿಂಬುಳಿ ಗುಂಡ್ಯ ದಾಟಿ ಘಟ್ಟ ಹತ್ತಿ ಹೋಯಿತು.

ಇವತ್ತು ಯಂತ್ರದ ಮುಂದೆ ಇಚಿಲಂಪಾಡಿಯ ಬಾವಿಯ ನೀರು. ನಿಮ್ಮ ಆಸೆ ಏನು ಎಂದು ಕೇಳಿದರೆ ಭವಿತಾ ಪರದೆಯಿಂದ ಕಣ್ಣು ತೆಗೆಯುವುದಿಲ್ಲ.

"ನಮ್ಮ ಬಾವಿಯಲ್ಲಿ ಎಂತ ಉಂಟು ಅಂತ ಕೇಳ್ಲಿಕ್ಕೆ ಘಟ್ಟ ಹತ್ತುದು ಬೇಡ. ಕೂತ್ಕೊಳ್ಳಿ, ಇಲ್ಲೇ ಹೇಳ್ತೇನೆ."