ಫಾದರ್ ಮುಟ್ಟದ ಕಾಫಿ

ಅರಬರ ನಾಡಿನಲ್ಲಿ, ಊದ್ ಮೇಥಾದ ಇಗರ್ಜಿಯಲ್ಲಿದ್ದ ಆ ವಯಸ್ಸಾದ ಫಾದರ್ ಯಾರು ಸಿಟ್ಟಿನಿಂದ ಬಂದರೂ ಪಕ್ಕದ ಕುರ್ಚಿಯ ಧೂಳು ಒರೆಸಿ, "ಮೊದಲು ಕೂತ್ಕೊಳ್ಳುವ" ಎನ್ನುತ್ತಿದ್ದರು. ಕಾಫಿ ಎಂದರೆ ಅವರಿಗೆ ಪ್ರಾಣ.

ದೇರಾದಲ್ಲಿ ಕೆಲಸಕ್ಕಿದ್ದ ಅಂಗಡಿಯಲ್ಲಿ ನಾನೊಮ್ಮೆ ಅರಬಿ ಮಾಲೀಕನಿಗೆ ಎದುರುತ್ತರ ಕೊಟ್ಟೆ. ಅವನು ವೀಸಾ ಕ್ಯಾನ್ಸಲ್ ಎಂದ. ನಮ್ಮ ರೂಮಿನವರು ಫಾದರನ್ನೇ ಸಂಧಾನಕ್ಕೆ ಕಳುಹಿಸಿದರು. ಅವರ ಹಿಂದೆ ನಾನೂ ಹೋದೆ.

ಮಾಲೀಕನ ಮನೆಯಲ್ಲಿ ಅತಿಥಿಗಳನ್ನು ಕೂರಿಸುವ ಮಜ್ಲಿಸ್‌ನಲ್ಲಿ ಏಲಕ್ಕಿ ಘಮದ ಕಾಫಿ ಬಂತು. ಫಾದರ್ ಆ ಪುಟ್ಟ ಕಪ್ಪನ್ನು ಬಾಯಿಗೆ ಮುಟ್ಟಿಸದೆ ಕೆಳಗಿಟ್ಟರು.

ಮಾಲೀಕನ ಮುಖ ಬದಲಾಯಿತು. ಅತಿಥಿ ಹಾಗೆ ಕಾಫಿ ಇಟ್ಟುಬಿಟ್ಟರೆ ಏನೋ ಕೇಳಲು ಬಂದಿದ್ದಾನೆ, ಅದನ್ನು ಕೊಡುವ ತನಕ ಕುಡಿಯುವುದಿಲ್ಲ ಎಂದು ಅವರಲ್ಲಿ ಅರ್ಥ.

"ಖಲಾಸ್, ಜಗಳ ಮುಗಿಯಿತು. ನಾಳೆ ಇವನು ಕೆಲಸಕ್ಕೆ ಬರಲಿ. ನೀವು ಕುಡಿಯಿರಿ," ಎಂದು ಹಿಂದಿಯಲ್ಲಿ ಹೇಳಿದ.

ಫಾದರ್ ನನ್ನನ್ನೊಮ್ಮೆ ನೋಡಿದರು. ಆಮೇಲೆ ಕಣ್ಣು ಮುಚ್ಚಿ ಕುಡಿದರು.

ಹೊರಗೆ ಬಂದ ಮೇಲೆ ಕೇಳಿದೆ, "ಅವರ ಪದ್ಧತಿ ನಿಮಗೆ ಗೊತ್ತಿತ್ತಾ ಫಾದರ್?"

"ಎಂಥ ಪದ್ಧತಿ ಮಾರಾಯ? ಈಸ್ಟರ್ ತನಕ ಕಾಫಿ ಮುಟ್ಟುದಿಲ್ಲ ಅಂತ ದೇವರಿಗೆ ಮಾತು ಕೊಟ್ಟಿದ್ದೆ."

ಈಸ್ಟರಿಗೆ ಇನ್ನೂ ಹತ್ತೊಂಬತ್ತು ದಿನ ಇತ್ತು. ಅಷ್ಟೂ ದಿನ ಅವರ ಬದಲು ನಾನು ಕಾಫಿ ಬಿಟ್ಟೆ.